ಬಂದೂಕಿಗೆ ಎದೆಯೊಡ್ಡಿದ ಕ್ಯಾಷಿಯರ್

ಎರಡು ವರ್ಷ ಸಾಕಿ ಸಲಹಿದ ಸುಳ್ಳೊಂದು ಭಾನುವಾರ ಬೆಳಿಗ್ಗೆ ಸಿನಿಮಾದವರ ಲಾರಿ ಹತ್ತಿ ಬಂದು ಬ್ಯಾಂಕಿನ ಮುಂದೆ ಇಳಿಯುತ್ತದೆಂದು ಒತ್ತಾವಿಯೊ ಕನಸಲ್ಲೂ ಎಣಿಸಿರಲಿಲ್ಲ.

ಇಟಲಿಯ ಟ್ಯೂರಿನ್ ನಗರದ ಆ ಬ್ಯಾಂಕಿನಲ್ಲಿ ಅವನು ಕ್ಯಾಷಿಯರ್. ಎರಡು ವರ್ಷದ ಹಿಂದೆ ಅಲ್ಲಿ ದರೋಡೆಯಾದಾಗ ಮೇಜಿನ ಕೆಳಗೆ ತೂರಿಕೊಂಡವನು, ಪೊಲೀಸರು ಕಾಲು ಹಿಡಿದು ಎಳೆಯುವವರೆಗೂ ಹೊರಗೆ ಬಂದಿರಲಿಲ್ಲ. ಬೀದಿಯಲ್ಲಿ ಹೇಳಿಕೊಂಡದ್ದು ಮಾತ್ರ, ಬಂದೂಕಿಗೆ ಎದೆಯೊಡ್ಡಿ ನಿಂತೆ ಅಂತ. ಆ ಎದೆಯನ್ನು ನಂಬಿಯೇ ಕ್ಷೌರಿಕ ಅಮಿಲ್ಕಾರೆ ತನ್ನ ಮಗಳು ಎರ್ಸಿಲಿಯಾಳನ್ನು ಕೊಡಲು ಒಪ್ಪಿದ್ದ. ದಿನ ಗೊತ್ತು ಮಾಡಿ ಎಂದರೆ ಮಾತ್ರ "ನೋಡೋಣ ಬಿಡಯ್ಯ" ಎನ್ನುತ್ತಿದ್ದ.

ಈಗ ಅದೇ ದರೋಡೆಯ ಸಿನಿಮಾ, ಅದೇ ಬ್ಯಾಂಕಿನಲ್ಲಿ. ಗುಂಪಿನಲ್ಲಿ ನಿಲ್ಲಲು ಬೀದಿಯವರನ್ನೇ ಕರೆದಿದ್ದರು. ಅಮಿಲ್ಕಾರೆ ಹಬ್ಬದ ಕೋಟು ತೊಟ್ಟು ಮೊದಲ ಸಾಲಿನಲ್ಲಿದ್ದ.

ನಿರ್ದೇಶಕನ ಕೈಯಲ್ಲಿ ಆ ದರೋಡೆಯ ಕೋರ್ಟಿನ ಕಾಗದವಿತ್ತು; ಮೇಜಿನ ಕೆಳಗಿನ ಸಂಗತಿಯೆಲ್ಲ ಅದರಲ್ಲಿ ದಾಖಲಾಗಿತ್ತು. ಅದನ್ನು ಕಂಡದ್ದೇ ಒತ್ತಾವಿಯೊ ನಿರ್ದೇಶಕನನ್ನು ಕಾಫಿ ಅಂಗಡಿಯ ಮೂಲೆಗೆ ಎಳೆದೊಯ್ದ.

"ಸಾರ್, ಆ ಮೇಜಿನ ಸಂಗತಿ ಒಂದು ಬಿಟ್ಬಿಡಿ. ನನ್ನ ಮದುವೆ ನಿಂತೋಗತ್ತೆ."

"ಅಯ್ಯೋ, ಇಷ್ಟಕ್ಕೆ ಅಳ್ತಾರೇನ್ರೀ? ಸಿನಿಮಾದಲ್ಲಿ ಕ್ಯಾಷಿಯರನ್ನ ನೆಟ್ಟಗೆ ನಿಲ್ಲಿಸ್ತೀನಿ ಬಿಡಿ," ಎಂದು ನಿರ್ದೇಶಕ ಒಂದೇ ಗುಟುಕಿಗೆ ಕಾಫಿ ಮುಗಿಸಿದ.

ಹೇಳಿದಂತೆಯೇ ಮಾಡಿದ. ಕ್ಯಾಷಿಯರನ ಪಾತ್ರದ ನಟ ಬಂದೂಕಿನ ಮುಂದೆ ರೆಪ್ಪೆ ಮಿಟುಕಿಸದೆ ಕಂಬದಂತೆ ನಿಂತ. ಬೀದಿಯವರು ಚಪ್ಪಾಳೆ ತಟ್ಟಿದರು. ಎರ್ಸಿಲಿಯಾ ಕಣ್ಣೊರೆಸಿಕೊಂಡಳು. ಒತ್ತಾವಿಯೊ ಇದ್ದಲ್ಲೇ ಎರಡಂಗುಲ ಬೆಳೆದ.

ಅಷ್ಟರಲ್ಲಿ ಆ ನಟ ದರೋಡೆಕೋರನಿಗೆ ಕಣ್ಣು ಹೊಡೆದು, ತಿಜೋರಿಯ ಬೀಗದ ಕೈ ತಾನೇ ಎತ್ತಿಕೊಟ್ಟ.

"ಇದೇನ್ ಸಾರ್ ಇದು!" ಒತ್ತಾವಿಯೊ ಕಿರುಚಿದ.

"ಮತ್ತಿನ್ನೇನ್ರೀ? ಹೆದರದೆ ನಿಂತೋನು ಕಳ್ಳರ ಕಡೆಯವ್ನೇ ಆಗಿರ್ಬೇಕು. ಇಲ್ದಿದ್ರೆ ನೋಡೋರು ನಂಬಲ್ಲ. ಕಳ್ಳರು ಜೈಲಿಗೆ ಹೋದ್ರೂ ಅರ್ಧ ದುಡ್ಡು ಇವತ್ತಿಗೂ ಸಿಕ್ಕಿಲ್ವಲ್ಲ."

ಬೀದಿಗೆ ಬೀದಿಯೇ ಒತ್ತಾವಿಯೊನ ಕಡೆ ತಿರುಗಿತು. "ಅದಕ್ಕೇ ನೋಡ್ರೀ, ಇವ್ನಿಗೊಂದು ಗಾಯಾನೂ ಆಗ್ಲಿಲ್ಲ!" ಎಂದಳು ತರಕಾರಿ ಮಾರುವ ಇಯೋಲೆ.

ಆಗ ಅವನಿಗೆ ಮಾನಕ್ಕಿಂತ ಜೈಲೇ ದೊಡ್ಡದಾಗಿ ಕಂಡಿತು. "ನಾನು ನಿಂತೇ ಇರ್ಲಿಲ್ಲ ಕಣ್ರೋ! ಮೇಜಿನ ಕೆಳಗೆ ಅಮ್ಮಾ ಅಂತ ಅಳ್ತಾ ಕೂತಿದ್ದೆ! ಕೋರ್ಟಿನ ಕಾಗದ ಓದಿ ಬೇಕಾದ್ರೆ!"

"ಸಿಕ್ಕಿಬಿದ್ದ ಮೇಲೆ ಎಲ್ರೂ ಹೀಗೇ ಅನ್ನೋದು," ಎಂದಳು ಇಯೋಲೆ. ಪಾಪ, ಎರಡು ವರ್ಷದ ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಜನ, ಅವನು ಬಾಯಿಬಿಟ್ಟು ಹೇಳಿದ ಒಂದೇ ಒಂದು ನಿಜವನ್ನು ನಂಬಲಿಲ್ಲ.

ಅಮಿಲ್ಕಾರೆ ಬಂದು ಅವನ ರಟ್ಟೆ ಹಿಡಿದು ಓಣಿಯೊಳಕ್ಕೆ ನಡೆಸಿದ. ಸಂಬಂಧ ಮುರಿಯಿತೆಂದು ಒತ್ತಾವಿಯೊ ಕಣ್ಣು ಮುಚ್ಚಿಕೊಂಡ.

"ಮೇರಿಯಮ್ಮನಾಣೆ ಮಾವ, ನಾನು ಹೇಡಿ. ಶುದ್ಧ ಹೇಡಿ."

"ಶ್! ಎಲ್ರ ಹತ್ರಾನೂ ಹೀಗೇ ಹೇಳ್ತಾ ಇರಿ ಅಳಿಯಂದ್ರೇ," ಎಂದು ಅಮಿಲ್ಕಾರೆ ಅಕ್ಕರೆಯಿಂದ ಅವನ ಕಾಲರು ಸರಿಮಾಡಿದ. "ಅರ್ಧ ದುಡ್ಡು ಎರಡು ವರ್ಷ ಬಚ್ಚಿಟ್ಟಿದ್ದೀರಲ್ಲ, ಭಾರೀ ಗಟ್ಟಿ ಕುಳ ನೀವು. ಮದುವೆ ಮುಂದಿನ ತಿಂಗಳೇ. ಸರೋವರದ ದಂಡೇಲಿ, ನಾನೂರು ಜನಕ್ಕೆ ಊಟ. ಖರ್ಚು ಹೇಗೂ ನಿಮ್ದೇ."