ಬೀರಣ್ಣನ ಮೋಟಾರಿಗೆ ನಾನೇ ಅಪಶಕುನ

ಸೈಕಲ್ಲು ಹತ್ತಿದವನ ಕಣ್ಣಿಗೆ ಮೋಟಾರಿನವರೆಲ್ಲ ರಾಕ್ಷಸರು. ಮೋಟಾರು ಹತ್ತಿದವನ ಕಣ್ಣಿಗೆ ಸೈಕಲ್ಲಿನವರೆಲ್ಲ ಸೊಳ್ಳೆಗಳು. ಕಾಲ್ನಡಿಗೆಯವನ ಕಣ್ಣಿಗೆ ಇಬ್ಬರೂ ಒಂದೇ, ಇಬ್ಬರಿಗೂ ಹಿಡಿಶಾಪ ಹಾಕಿ ತನ್ನ ಪಾಡಿಗೆ ತಾನು ಹೋಗುತ್ತಾನೆ. ನಾನು ಕಾಲ್ನಡಿಗೆಯವನಾಗಿಯೇ ಉಳಿದಿದ್ದರೆ ಸುಖವಾಗಿರುತ್ತಿದ್ದೆ. ಆದರೆ ಸರ್ಕಾರ ನನ್ನನ್ನು ಹೊಳವನಹಳ್ಳಿಯ ಶಾಲೆಗೆ ವರ್ಗ ಮಾಡಿತು, ನನ್ನ ಹೆಂಡತಿ ಕೊರಟಗೆರೆಯ ಬಾವಿಯ ಸಿಹಿನೀರು ಬಿಟ್ಟು ಬರುವುದಿಲ್ಲ ಎಂದಳು, ಹೀಗಾಗಿ ಎರಡು ಊರಿನ ನಡುವೆ ಓಡಾಡುವುದಕ್ಕೆ ನಾನೊಂದು ಹಳೆಯ ಸೈಕಲ್ಲನ್ನು ಕೊಂಡೆ. ಅದಕ್ಕೆ ಗಂಟೆಯೊಂದು ಬಿಟ್ಟು ಮಿಕ್ಕಿದ್ದೆಲ್ಲವೂ ಸದ್ದು ಮಾಡುತ್ತಿತ್ತು. ಇಷ್ಟಾದ ಮೇಲೂ ನಾನು ಬೆಳಿಗ್ಗೆ ಎದ್ದು ನೆನೆಯುವ ನಾಲ್ಕಾರು ಹೆಸರುಗಳಲ್ಲಿ ಒಬ್ಬ ಮೋಟಾರಿನವನ ಹೆಸರಿದೆ ಎಂದರೆ ನೀವು ನಂಬಬೇಕು. ಅವನೇ ಬೀರಣ್ಣ.

ಬೀರಣ್ಣ ಶಿರಾದ ಕಡೆಯವನು. ಅವನಪ್ಪ ಕುರಿ ಮೇಯಿಸುತ್ತಿದ್ದನಂತೆ. ಮಗ ಮೋಟಾರು ಹಿಡಿದನಾದರೂ ಕುರಿ ಹೊಡೆಯುವ ಅಭ್ಯಾಸ ಬಿಡಲಿಲ್ಲ. ದಾರಿಯಲ್ಲಿ ಕಂಡವರನ್ನೆಲ್ಲ "ಹೋಯ್! ಹೋಯ್!" ಎಂದು ಪಕ್ಕಕ್ಕೆ ಅಟ್ಟಿಕೊಂಡೇ ಹೋಗುತ್ತಿದ್ದ. ಅವನ ಮೋಟಾರು ಬೆಳಿಗ್ಗೆ ಹೊಳವನಹಳ್ಳಿಯಿಂದ ಹೊರಟು ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗುತ್ತಿತ್ತು. ನಾನು ಅದೇ ಹೊತ್ತಿಗೆ ಕೊರಟಗೆರೆ ಬಿಟ್ಟು ಹೊಳವನಹಳ್ಳಿಯ ಕಡೆಗೆ ತುಳಿಯುತ್ತಿದ್ದೆ. ಅಲ್ಲಿಗೆ, ಕೆರೆಯ ಏರಿ ಮುಗಿಯುವ ತಿರುವಿನಲ್ಲಿ ನಾವಿಬ್ಬರೂ ದಿನ ಬೆಳಗಾದರೆ ಮುಖಾಮುಖಿ ಎಂದಾಯಿತು.

ಇದರಲ್ಲಿ ಜಗಳಕ್ಕೇನಿದೆ ಎಂದು ಕೇಳುವವರು ನಮ್ಮ ಸೀಮೆಯ ಶಕುನಗಳನ್ನು ಅರಿಯದವರು. ಹೊರಟವರಿಗೆ ಒಂಟಿ ಬ್ರಾಹ್ಮಣ ಎದುರಾದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಇಬ್ಬರು ಬಂದರೆ ಅಡ್ಡಿಯಿಲ್ಲ. ಒಬ್ಬನಲ್ಲಿರುವ ದೋಷ ಇನ್ನೊಬ್ಬ ಸೇರಿದಾಗ ಎಲ್ಲಿಗೆ ಹೋಗುತ್ತದೋ ನನಗೆ ತಿಳಿಯದು. ನಾನೋ ಜರಿ ಪೇಟ, ಹಣೆಯಲ್ಲಿ ಗಂಧ, ಕರಿ ಕೋಟು, ಕಚ್ಚೆಪಂಚೆ ಎಲ್ಲ ಇಟ್ಟುಕೊಂಡು ಅರ್ಧ ಮೈಲಿಯಿಂದಲೇ ಗುರುತು ಸಿಗುವಷ್ಟು ಅಚ್ಚುಕಟ್ಟಾದ ಅಪಶಕುನ.

ಅದರ ಮೇಲೆ ಆಗ ಯುದ್ಧದ ಕಾಲ ಬೇರೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮ್ಮ ಮೋಟಾರುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಇದ್ದಿಲು ಉರಿದು ಗ್ಯಾಸು ಬಂದರೆ ಗಾಡಿ ಹೊರಡಬೇಕು. ಇದ್ದಿಲು ಹಸಿಯಾಗಿದ್ದರೆ ನಿಂತಿತು, ಏರು ಬಂದರೆ ನಿಂತಿತು, ಬೂದಿ ಕಟ್ಟಿದರೆ ನಿಂತಿತು. ಆಗ ಪ್ರಯಾಣಿಕರೆಲ್ಲ ಇಳಿದು, ಕೊಟ್ಟ ಟಿಕೆಟ್ಟಿನ ಮರ್ಯಾದೆಗಾದರೂ ಸ್ವಲ್ಪ ದೂರ ತಳ್ಳುತ್ತಿದ್ದರು. ನಿಲ್ಲದ ದಿನವೇ ಇರಲಿಲ್ಲ. ಶಾಲೆಯಿದ್ದರೆ ನಾನು ಎದುರಾಗದ ದಿನವೂ ಇರಲಿಲ್ಲ. ಎರಡನ್ನೂ ಗಂಟು ಹಾಕುವುದಕ್ಕೆ ಬೀರಣ್ಣನಿಗೆ ಎಷ್ಟು ಹೊತ್ತು ಬೇಕು?

"ಮೇಷ್ಟ್ರೇ, ಬೆಳ್‌ಬೆಳಿಗ್ಗೇನೇ ಎದ್ರುಗ್ ಬಂದ್ಬುಟ್ರಲ್ಲ! ಎಷ್ಟ್ ಕಿತ ಏಳ್ಬೇಕು ನಿಮ್ಗೆ?" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ. ಬಾಯಿಗಿಂತ ಮುಂಚೆ ಅವನ ಹಾರನ್ನು ಕೂಗುತ್ತಿತ್ತು. ಕುಂಬಳಕಾಯಿ ಗಾತ್ರದ ರಬ್ಬರಿನ ಗುಂಡು. ಅದನ್ನು ಅವನು ಹಿಸುಕಿದರೆ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರುತ್ತಿದ್ದವು. ನಾನು ಕಣ್ಣಿಗೆ ಬೀಳುವ ಮೊದಲೇ ದಾರಿ ಬಿಟ್ಟು ಮರೆಯಾಗಲಿ ಎಂದು ಅವನ ಉದ್ದೇಶ. ಆಗದಿದ್ದರೆ ರಸ್ತೆಯ ನಡುಮಧ್ಯಕ್ಕೆ ಗಾಡಿ ತಂದು, ನನ್ನನ್ನು ಅಂಚಿಗೆ ಒತ್ತಿ, ಕಡೆಗೆ ಕತ್ತಾಳೆಯ ಪೊದೆಗೆ ಇಳಿಸಿ, ಧೂಳು ಎಬ್ಬಿಸಿ ಹೋಗುತ್ತಿದ್ದ. ನಾನು ಮುಳ್ಳು ಬಿಡಿಸಿಕೊಳ್ಳುತ್ತ, ಪಾಠದ ಪುಸ್ತಕದಲ್ಲಿಲ್ಲದ ಮಾತುಗಳನ್ನೆಲ್ಲ ಅವನ ಬೆನ್ನಿಗೆ ಆಡುತ್ತಿದ್ದೆ. ನನ್ನ ಪಂಚೆಗಳಲ್ಲಿ ಹರಿಯದ ಪಂಚೆ ಉಳಿಯಲಿಲ್ಲ.

ವಿಚಿತ್ರವೆಂದರೆ ಸಂಜೆ ಅದೇ ಮೋಟಾರು ಮಧುಗಿರಿಯಿಂದ ಹಿಂದಿರುಗುವಾಗ ಅದೇ ನಾನು ಮತ್ತೆ ಎದುರಾಗುತ್ತಿದ್ದೆ. ಆಗ ಬೀರಣ್ಣ ಗಾಡಿಯ ವೇಗ ತಗ್ಗಿಸಿ, ಹಲ್ಲು ಬಿಟ್ಟು, "ಏನ್ ಮೇಷ್ಟ್ರೇ, ಸಂದಾಗಿದ್ದೀರಾ? ಉಸಾರು ಕಣ್ರಪ್ಪ, ಮುಂದೆ ಗುಂಡಿ ಐತೆ" ಎನ್ನುತ್ತಿದ್ದ. ಊರಿಗೆ ಹಿಂದಿರುಗುವವನಿಗೆ ಶಕುನದ ಹಂಗೇನು? ಒಬ್ಬನೇ ಮನುಷ್ಯ ಬೆಳಿಗ್ಗೆ ಶನಿ, ಸಂಜೆ ನೆಂಟ ಆಗಬಲ್ಲನೆಂದು ನನಗೆ ಆಗಲೇ ಗೊತ್ತಾದದ್ದು.

ಆ ಮೋಟಾರಿನಲ್ಲಿ ಹೊಳವನಹಳ್ಳಿಯ ಬೆಲ್ಲದ ವ್ಯಾಪಾರಿ ಗುರುಬಸಪ್ಪನವರು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ವಿಭೂತಿ ಬಳಿದ ಅಗಲ ಹಣೆ, ಮೆಲುದನಿ, ಶಕುನಶಾಸ್ತ್ರದಲ್ಲಿ ತಾಲ್ಲೂಕಿಗೇ ಕೊನೆಯ ಮಾತು. ಒಮ್ಮೆ ನಾನು ಅವರನ್ನು ಸಂತೆಯಲ್ಲಿ ಹಿಡಿದು ನಿಲ್ಲಿಸಿ, "ಸ್ವಾಮಿ, ಭಾನುವಾರ ಶಾಲೆಗೆ ರಜ. ನಾನು ಮನೆ ಬಿಟ್ಟು ಕದಲುವುದಿಲ್ಲ. ಆವತ್ತೂ ಮೋಟಾರು ನಿಲ್ಲುತ್ತದಲ್ಲ, ಅದಕ್ಕೇನು ಹೇಳುತ್ತೀರಿ?" ಎಂದು ಕೇಳಿದೆ. ಅವರು ಬೆಲ್ಲದ ಅಚ್ಚನ್ನು ಮೂಸುತ್ತ, "ಶನಿವಾರ ಎದ್ರಾಗಿರ್ತೀರಲ್ಲ ಮೇಷ್ಟ್ರೇ, ಅದು ಒಂದೇ ದಿನಕ್ ತೀರ್ತದಾ?" ಎಂದರು. ನಾನು ವಿಜ್ಞಾನದ ಮೇಷ್ಟ್ರು. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದುಕೊಡುವವನು. ನನಗೆ ಉರಿದುಹೋಯಿತು.

ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು, "ಇಬ್ಬರಾದರೆ ದೋಷವಿಲ್ಲವಂತಲ್ಲ. ನಮ್ಮಪ್ಪನ್ನ ಕರೆಸಿ ಹಿಂದುಗಡೆ ಕೂರಿಸಿಕೊಂಡು ಹೋಗ್ರೀ" ಎಂದಳು. ನನ್ನ ಮಾವನವರ ಗಾತ್ರ ನೋಡಿದವರಿಗೆ ಈ ಸಲಹೆಯ ಕ್ರೌರ್ಯ ಗೊತ್ತಾಗುತ್ತದೆ. "ಬೇಡ, ಪ್ರಯೋಗ ಮಾಡಿ ತೋರಿಸುತ್ತೇನೆ" ಎಂದೆ. ಪ್ರಯೋಗ ಸುಲಭ. ಒಂದು ಬೆಳಿಗ್ಗೆ ನಾನು ರಸ್ತೆ ಬಿಟ್ಟು, ಏರಿಯ ಕೆಳಗಿನ ಕಾಲುದಾರಿ ಹಿಡಿದು, ಕತ್ತಾಳೆಯ ಮರೆಯಲ್ಲಿ ನಿಲ್ಲುವುದು. ಎದುರಿಗೆ ಬರುವುದೇ ಇಲ್ಲ. ಮೋಟಾರು ಹೇಗೂ ನಿಲ್ಲುತ್ತದೆ. ಆಗ ಪೊದೆಯಿಂದ ಎದ್ದು ಬಂದು ಗುರುಬಸಪ್ಪನವರ ಮುಂದೆ ನಿಂತು, "ಈಗೇನು ಹೇಳುತ್ತೀರಿ?" ಎಂದು ಕೇಳುವುದು. ಆ ಸಂತೋಷಕ್ಕೆ ನನಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಕಾಲುದಾರಿಗೆ ಇಳಿದೆ. ಇಳಿಜಾರು, ನನ್ನ ಸೈಕಲ್ಲಿಗೋ ಬ್ರೇಕೆಂಬುದು ಹೆಸರಿಗೆ ಮಾತ್ರ. ಮುಂದಿನ ಚಕ್ರ ಒಂದು ಕಲ್ಲಿಗೆ ಬಡಿಯಿತು, ನಾನು ಕೆರೆತೂಬಿನ ಒಣಕಾಲುವೆಗೆ ಬಿದ್ದೆ, ಸೈಕಲ್ಲು ನನ್ನ ಮೇಲೆ ಬಿತ್ತು. ಲಟಕ್ ಎಂದು ಒಂದು ಸದ್ದಾಯಿತು. ಸೈಕಲ್ಲಿನದೇ ಇರಬೇಕೆಂದು ಆಸೆಪಟ್ಟೆ. ಕಾಲು ಎತ್ತಲು ಹೋದಾಗ ಯಾವುದರ ಸದ್ದೆಂದು ತಿಳಿಯಿತು. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು, ಕತ್ತಾಳೆಯ ಅಲಗು ತೊಡೆ ಸೀಳಿ ರಕ್ತ ಸುರಿಯುತ್ತಿತ್ತು.

ಕೂಗಿದೆ. ಕೊಯ್ಲು ಮುಗಿದ ಗದ್ದೆಬಯಲು, ನರಪಿಳ್ಳೆಯಿಲ್ಲ. ಕಾಲುವೆಯ ಕಲ್ಲುಗೋಡೆ ನನ್ನ ಕೂಗನ್ನು ನನಗೇ ವಾಪಸು ಕೊಟ್ಟಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹೆಂಡತಿ ನಾನು ಶಾಲೆಯಲ್ಲಿದ್ದೇನೆ ಎಂದುಕೊಂಡು ಸಂಜೆಯವರೆಗೆ ನಿಶ್ಚಿಂತೆಯಾಗಿರುತ್ತಾಳೆ. ಹೆಡ್ಮಾಸ್ತರು ನಾನು ಮನೆಯಲ್ಲಿದ್ದೇನೆ ಎಂದುಕೊಂಡು ಗೈರುಹಾಜರಿ ಹಾಕಿ ನಿಶ್ಚಿಂತೆಯಾಗಿರುತ್ತಾರೆ. ಇಡೀ ತಾಲ್ಲೂಕಿನಲ್ಲಿ ನನ್ನನ್ನು ಈಗ ಹುಡುಕುವ ಪ್ರಾಣಿ ಒಂದೂ ಇಲ್ಲ. ಪೇಟ ಬಿಚ್ಚಿ ತೊಡೆಗೆ ಬಿಗಿದು, ನೆನಪಿದ್ದ ಸ್ತೋತ್ರಗಳನ್ನೆಲ್ಲ ಹೇಳಿದೆ. ಅರ್ಧಂಬರ್ಧ ನೆನಪಿದ್ದವನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಪೋಂ ಪೋಂ ಎಂದು ಹಾರನ್ನು ಕೇಳಿಸಿತು. ಬೀರಣ್ಣ ತಿರುವಿಗೆ ಬಂದ. ದಿನದ ಹಾಗೆ ಹಿಸುಕಿದ, ಮತ್ತೆ ಹಿಸುಕಿದ. ನಾನು ಎದೆ ಬಿರಿಯುವ ಹಾಗೆ ಕೂಗಿದೆ. ಮೋಟಾರಿನ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಗಾಡಿ ತಿರುವು ದಾಟಿತು. ಸದ್ದು ಕೊಂಚ ದೂರವಾಯಿತು. ಆಮೇಲೆ, ಇದ್ದಕ್ಕಿದ್ದ ಹಾಗೆ, ನಿಂತುಹೋಯಿತು.

ಆಗ ನನಗೆ ಏನನ್ನಿಸಿತು ಗೊತ್ತೆ? ಬದುಕಿದೆ ಎಂದಲ್ಲ. ಗೆದ್ದೆ ಎಂದು! ನಾನು ಎದುರಾಗಲಿಲ್ಲ, ಆದರೂ ಮೋಟಾರು ನಿಂತಿತು. ಕಾಲು ಮುರಿದು, ರಕ್ತ ಸೋರಿ, ಕಾಲುವೆಯಲ್ಲಿ ಅಂಗಾತ ಬಿದ್ದ ಸ್ಥಿತಿಯಲ್ಲಿ ನಾನು ಗುರುಬಸಪ್ಪನವರ ಪೆಚ್ಚು ಮುಖವನ್ನು ನೆನೆದು ನಕ್ಕೆ.

ಮೇಲಿನಿಂದ ಮಾತು ಕೇಳಿಸಿತು. "ಯಾಕಪ್ಪಾ ನಿಲ್ಸ್ದೆ? ಇವತ್ತು ಆ ಮೇಷ್ಟ್ರು ಎದ್ರಿಗ್ ಬರ್ಲಿಲ್ಲ, ಸಂದಾಗ್ ಓಡ್ತಾ ಐತೆ ಗಾಡಿ. ನಡಿ, ನಡಿ" ಎಂದು ಗುರುಬಸಪ್ಪನವರು.

"ಅದೇಯ ನಂಗೂ! ಆವಯ್ಯ ಬರ್ಲಿಲ್ಲ ಅಂದ್ರೆ ಎಂಗೆ? ಮಳೆ ಬಂದ್ರೂ ಬತ್ತಾರೆ, ಜರ ಬಂದ್ರೂ ಬತ್ತಾರೆ. ಇವತ್ತು ಸುಕ್ರವಾರ, ರಜಾನೂ ಇಲ್ಲ. ಯಾಕೋ ಎದೆ ಡವಡವ ಅಂತೈತೆ ಕಣ್ರೀ. ಒಂದ್ ಗಳಿಗೆ ಕುಂತ್ಕಳಿ, ನೋಡ್ಕಂಡ್ ಬತ್ತೀನಿ."

ಗಾಡಿ ತಾನಾಗಿ ನಿಂತದ್ದಲ್ಲ. ನನ್ನ ಮುಖ ಕಾಣದಿರಲಿ ಎಂದು ದಿನವೂ ದೇವರಿಗೆ ಹರಕೆ ಹೊರುತ್ತಿದ್ದವನು, ಕಾಣದಿದ್ದ ಒಂದು ದಿನ ಓಡುತ್ತಿದ್ದ ಗಾಡಿಯನ್ನು ನಿಲ್ಲಿಸಿ ನನ್ನನ್ನು ಹುಡುಕಿಕೊಂಡು ಬಂದಿದ್ದ. ಏರಿಯ ಮೇಲೆ ಅವನ ತಲೆ ಕಂಡಾಗ ನಾನು ಎರಡೂ ಕೈ ಎತ್ತಿ ಬೀಸಿದೆ. ಅವನು ನೋಡಿದವನೇ, "ಅಯ್ಯೋ ನನ್ನಪ್ಪಾ! ಇಲ್ಲಿ ಬಿದ್ದವ್ರೆ ಬನ್ರೋ ಎಲ್ರೂ!" ಎಂದು ಕಿರುಚಿ, ಕತ್ತಾಳೆ ಗಿತ್ತಾಳೆ ನೋಡದೆ ಧುಮುಕಿದ. ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಎಸೆದು, ಕುರಿಮರಿ ಎತ್ತುವ ಹಾಗೆ ನನ್ನನ್ನು ಹೆಗಲಿಗೆ ಹಾಕಿಕೊಂಡ. ಆ ಹೆಗಲಿನ ಇದ್ದಿಲಿನ ವಾಸನೆಯಷ್ಟು ಸೊಗಸಾದ ವಾಸನೆಯನ್ನು ನಾನು ಈವರೆಗೆ ಮೂಸಿಲ್ಲ.

ಮೋಟಾರಿನ ಹತ್ತಿರ ಇನ್ನೊಂದು ತೊಡಕು. ಎದುರಿಗೆ ಬಂದರೆ ಅಪಶಕುನ ಸರಿ, ಒಳಗೇ ಕೂತರೆ? ಪ್ರಯಾಣಿಕರು ಗುರುಬಸಪ್ಪನವರ ಮುಖ ನೋಡಿದರು. ಬೀರಣ್ಣ ಕಣ್ಣು ಕೆಂಪಗೆ ಮಾಡಿ, "ಯಾರಾನ ಅಡ್ಡ ಮಾತಾಡಿದ್ರೆ ಇಲ್ಲೇ ಇಳಿಸ್ಬುಡ್ತೀನಿ" ಎಂದ. ಗುರುಬಸಪ್ಪನವರು ಸ್ವಲ್ಪ ಯೋಚಿಸಿ, "ಅಯ್ಯ, ನಾನೇನ್ ಬ್ಯಾಡ ಅಂದ್ನಾ? ಮುಖ ಹಿಂದಕ್ ಮಾಡಿ ಮಲಗ್ಸಿ. ಎದುರು ಅನ್ನೋ ಮಾತೇ ಬರಾಕಿಲ್ಲ" ಎಂದು ತೀರ್ಪು ಕೊಟ್ಟು, ತಮ್ಮ ಹೊಸ ಶಲ್ಯವನ್ನು ಮಡಿಸಿ ನನ್ನ ತಲೆಯ ಕೆಳಗೆ ಇಟ್ಟರು. ಹೀಗೆ ನಾನು ಇದ್ದಿಲಿನ ಒಲೆಯ ಕಡೆಗೆ ಮುಖ ಮಾಡಿಕೊಂಡು ಮಧುಗಿರಿಯ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಕೊರಟಗೆರೆಯಲ್ಲಿ ಬೀರಣ್ಣನೇ ಮನೆಗೆ ಓಡಿ ನನ್ನ ಹೆಂಡತಿಯನ್ನೂ ಕರೆತಂದ. ಅಲ್ಲಿಂದ ಮಧುಗಿರಿಯವರೆಗೆ ಗಾಡಿ ಒಂದು ಸಲವೂ ನಿಲ್ಲಲಿಲ್ಲ, ಏರಿನಲ್ಲೂ ನಿಲ್ಲಲಿಲ್ಲ. ಅಂದರೆ ನನ್ನ ಪ್ರಯೋಗ ಪೂರ್ತಿ ನೆಲಕಚ್ಚಿತು. ನಾನು ಎದುರಾಗಲಿಲ್ಲ, ಮೋಟಾರು ಕೆಡಲಿಲ್ಲ!

ಇನ್ನಷ್ಟು ಹೊತ್ತು ಬಿಟ್ಟಿದ್ದರೆ ರಕ್ತ ಹೋಗಿ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನನ್ನ ಹೆಂಡತಿ ಬೀರಣ್ಣನಿಗೆ ಕೈಮುಗಿದಳು. ಅವನು ನಾಚಿ, "ನಾನೇನ್ ಮಾಡ್ದೆ ಕಣಮ್ಮ, ದಿನಾ ನೋಡ್ತಿದ್ದ ಮುಖ" ಎಂದ. ಅಷ್ಟೇ ಅವನು ಆಡಿದ್ದು. ನಾನು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಅತ್ತೆ. ಕಾಲು ನೋಯುತ್ತಿರಬೇಕು ಎಂದು ಅವರಿಬ್ಬರೂ ತಿಳಿದುಕೊಂಡರು.

ಕಾಲು ಕೂಡಿತು. ಮೋಟಾರಿನ ಬೆನ್ನಿನ ಇದ್ದಿಲಿನ ಒಲೆ ಮಾತ್ರ ಇನ್ನೂ ಇಳಿದಿಲ್ಲ. ಈಗಲೂ ನಾನು ಅದೇ ಸೈಕಲ್ಲಿನಲ್ಲಿ ಅದೇ ದಾರಿಯಲ್ಲಿ ಹೋಗುತ್ತೇನೆ. ಒಂದೇ ವ್ಯತ್ಯಾಸ: ಏರಿಯ ಹತ್ತಿರ ಬಂದಾಗ ಇಳಿದು, ಬದಿಯ ಹುಣಸೆಮರದ ಕೆಳಗೆ ನಿಂತು, ಬೀರಣ್ಣನ ಹಾರನ್ನು ಕಿವಿಗೆ ಬೀಳುವವರೆಗೆ ಕಾಯುತ್ತೇನೆ. ಅದು ಕೇಳಿದರೆ ಸರಿ, ಆ ದಿನ ಪೂರ್ತಿ ನೆಮ್ಮದಿ. "ಯಾಕ್ರೀ ದಿನಾ ತಡ?" ಎಂದು ಹೆಡ್ಮಾಸ್ತರು ಕೇಳಿದರೆ ಪಂಕ್ಚರು ಎನ್ನುತ್ತೇನೆ.

ಮೊನ್ನೆ ಎಷ್ಟು ಕಾದರೂ ಹಾರನ್ನು ಕೇಳಲಿಲ್ಲ. ಸೈಕಲ್ಲು ಹತ್ತಿ, ಕೂಡಿದ ಕಾಲನ್ನೂ ಮರೆತು ತುಳಿದೆ. ತಿರುವಿನಿಂದ ಎಷ್ಟೋ ದೂರದಲ್ಲಿ ಮೋಟಾರು ನಿಂತಿತ್ತು. ಬೀರಣ್ಣ ಮೊಳಕೈವರೆಗೆ ಮಸಿ ಮಾಡಿಕೊಂಡು ಒಲೆ ಕೆದಕುತ್ತಿದ್ದ, ಗುರುಬಸಪ್ಪನವರು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಅವನನ್ನು ಕಂಡು ನನಗೆ ಹೋದ ಜೀವ ಬಂದ ಹಾಗಾಯಿತು.

ನನ್ನನ್ನು ನೋಡಿ ಬೀರಣ್ಣ ಎದ್ದು ನಿಂತ. "ಮೇಷ್ಟ್ರೇ, ನೀವ್ ಏಳ್ತಿದ್ದುದೇ ದಿಟ ಕಣ್ರಪ್ಪ. ನೀವು ಎದ್ರಿಗ್ ಬರೋಕ್ ಮುಂಚೇನೇ ನಿಂತ್ಬುಡ್ತು. ಸಕ್ನ ಗಿಕ್ನ ಎಲ್ಲಾ ಸುಳ್ಳು. ಇದ್ದಿಲು ಅಸಿ, ಅಷ್ಟೇಯ" ಎಂದ. ಗುರುಬಸಪ್ಪನವರೂ ಬೀಸಣಿಗೆ ನಿಲ್ಲಿಸಿ, ತಲೆ ತಗ್ಗಿಸಿದರು. ಇಷ್ಟು ವರ್ಷ ನಾನು ಕಾದ ಮಾತು, ಕಾಲು ಮುರಿದುಕೊಂಡು ಕಾದ ಮಾತು, ನಡುರಸ್ತೆಯಲ್ಲಿ, ಎಲ್ಲರ ಎದುರಿಗೆ!

ನಾನು ಬೆವರು ಒರೆಸಿಕೊಂಡು, "ಇದ್ದಿಲಲ್ಲ ಬೀರಣ್ಣ. ನೀನಿವತ್ತು ಹಾರನ್ನು ಹೊಡೆಯಲಿಲ್ಲವಲ್ಲ, ಅದಕ್ಕೇ ನಿಂತಿದೆ" ಎಂದೆ.

ಎಲ್ಲರೂ ತಲೆದೂಗಿದರು. ವಿಜ್ಞಾನದ ಮೇಷ್ಟ್ರ ಮಾತಲ್ಲವೆ!