ನಮ್ಮ ಮನೆಯ ಪ್ರೊಸೆಸರ್ ಪ್ರಕರಣ

ಪ್ರತಿ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು ನಾನು ಸಾಯುತ್ತೇನೆ. ಯಾರ ಕೈಯಲ್ಲಿ ಸತ್ತೆ ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಪಾಳುಬಿದ್ದ ಊರೊಂದರ ಬೀದಿಯಲ್ಲಿ ಬಂದೂಕು ಹಿಡಿದು ನಡೆಯುತ್ತಿರುತ್ತೇನೆ; ಎಲ್ಲಿಂದಲೋ ಢಂ ಎನ್ನುತ್ತದೆ; ಕಂಪ್ಯೂಟರಿನ ಪರದೆ ಕೆಂಪಾಗುತ್ತದೆ; ಅಲ್ಲಿಗೆ ನನ್ನ ಇಹಲೋಕದ ವ್ಯವಹಾರ ಮುಗಿಯುತ್ತದೆ. (ಗಾಬರಿ ಬೇಡ, ಇದು ಆಟ. ಸತ್ತವನು ಎದ್ದು ಹೋಗಿ ನೀರು ಕುಡಿದು ಬರಬಹುದು.)

ಈ ಆಟಕ್ಕೆ ನಮ್ಮದೊಂದು ತಂಡವಿದೆ. ನಾಯಕ ನನ್ನ ಹೆಂಡತಿಯ ತಮ್ಮ. ಉಳಿದವರು ಅವನ ಆಫೀಸಿನ ಹುಡುಗರು. ಅವರವರ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮಾತಾಡಿಕೊಳ್ಳುತ್ತಾ ಆಡುತ್ತೇವೆ. ಬಾಮೈದ ಚಿಕ್ಕವನಿದ್ದಾಗ ಅವನಿಗೆ ಸೈಕಲ್ ಕಲಿಸಿದವನು ನಾನು. ತಂಡದಲ್ಲಿ ನನಗೆ ಜಾಗ ಸಿಕ್ಕಿದ್ದು ಆ ಹಂಗಿನಿಂದ. ಒಂದು ಭಾನುವಾರ ಆ ಹಂಗೂ ಹರಿಯುವಂತೆ ಕಾಣಿಸಿತು.

"ಭಾವ, ಬೇಜಾರು ಮಾಡ್ಕೋಬೇಡಿ," ಅಂದ. (ಯಾರಾದರೂ ಹೀಗೆ ಶುರು ಮಾಡಿದರೆ ಬೇಜಾರಿಗೆ ಸ್ವಲ್ಪ ಜಾಗ ಮಾಡಿಟ್ಟುಕೊಳ್ಳುವುದು ಕ್ಷೇಮ.) "ನೀವು ಬಾಗಿಲು ಕಾಯೋಕೆ ನಿಂತ್ರೆ ಶತ್ರುಗಳು ನಿಮ್ಮ ಮುಂದೇನೇ ಒಳಗೆ ಬರ್ತಾರಂತೆ. ಹುಡುಗರು ಗೊಣಗ್ತಿದಾರೆ."

"ಕಾಣಿಸ್ಲಿಲ್ಲ ಕಣೋ."

"ಸಾಲಾಗಿ ಬಂದ್ರು ಭಾವ. ಕೊನೆಯವನು ನಿಮ್ಮ ಮುಂದೆ ನಿಂತು ಕುಣಿದ."

"ನನ್ನ ಮಷೀನ್ ಹಳೇದು. ಮನುಷ್ಯರನ್ನ ತಡವಾಗಿ ತೋರಿಸುತ್ತೆ."

"ಹಾಗಾದ್ರೆ ಬರೋ ಭಾನುವಾರದೊಳಗೆ ಏನಾದ್ರೂ ಮಾಡಿ. ಪಂದ್ಯಾವಳಿ ಶುರುವಾಗ್ತಿದೆ. ಅವರು ಆಗಲೇ ಬೇರೆ ಒಬ್ಬನ್ನ ನೋಡಿಟ್ಟಿದಾರೆ."

ನಿಮಗಿದು ಸಣ್ಣ ವಿಷಯ ಅನ್ನಿಸಬಹುದು. ನನ್ನದು ಕನ್ನಡಕದಂಗಡಿ. ವಾರವಿಡೀ ಅರೆಗತ್ತಲ ಕೋಣೆಯಲ್ಲಿ ನಿಂತು, ಅಪರಿಚಿತರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಈಗ ಸ್ಪಷ್ಟವೋ, ಈಗ ಸ್ಪಷ್ಟವೋ" ಎಂದು ಕೇಳುವುದು ನನ್ನ ಉದ್ಯೋಗ. ಅವರು ಲೋಕವನ್ನು ಹೊಸದಾಗಿ ಕಂಡು ಸಂತೋಷದಿಂದ ಹೊರಟುಹೋಗುತ್ತಾರೆ. ನಾನು ಕೋಣೆಯಲ್ಲೇ ಉಳಿಯುತ್ತೇನೆ. ಭಾನುವಾರ ಮಾತ್ರ ಯಾರೋ ನನ್ನ ಕಿವಿಯಲ್ಲಿ, "ಭಾವ, ಎಡಗಡೆ ನೋಡ್ಕೊಳ್ಳಿ" ಅನ್ನುತ್ತಾರೆ. ನನ್ನ ಎಡಗಡೆಯ ಬಗ್ಗೆ ಕಾಳಜಿ ಇರುವವರು ಈ ಭೂಮಂಡಲದಲ್ಲಿ ಬೇರೆ ಯಾರಿದ್ದಾರೆ?

ಹಾಗಾಗಿ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆ. ಪ್ರೊಸೆಸರ್ ಅಂದರೆ ಯೋಚನೆ ಮಾಡುವುದು, ಮೆಮೊರಿ ಅಂದರೆ ಆ ಯೋಚನೆಗಳನ್ನೆಲ್ಲ ಸದ್ಯಕ್ಕೆ ನೆನಪಿಟ್ಟುಕೊಳ್ಳುವುದು ಎಂದು ಅವನು ತಿಳಿಸಿಕೊಟ್ಟ. (ನಮ್ಮ ಮನೆಯಲ್ಲಿ ಈ ಎರಡೂ ಖಾತೆಗಳು ಹೆಂಡತಿಯ ಬಳಿ ಇವೆ.) ಹೊಸ ಪ್ರೊಸೆಸರ್ ಹಾಕಿದರೆ ಅದು ಹಳೆಯ ಮದರ್‌ಬೋರ್ಡಿನ ಮೇಲೆ ಕೂರುವುದಿಲ್ಲವಂತೆ. ಹೊಸ ಬೋರ್ಡಿಗೆ ಹಳೆಯ ಮೆಮೊರಿ ಆಗಿಬರುವುದಿಲ್ಲವಂತೆ. ಒಬ್ಬರನ್ನು ಕರೆದರೆ ಎಲ್ಲರನ್ನೂ ಕರೆಯಬೇಕು, ಥೇಟ್ ಬೀಗರ ಹಾಗೆ. ಹಳೆಯದರಲ್ಲಿ ಉಳಿಯುವುದು ಹೊರಗಿನ ಡಬ್ಬ ಒಂದೇ.

ಇನ್ನು ಹೆಂಡತಿಯ ಒಪ್ಪಿಗೆ. ಅವಳು ಬಲ್ಬಿನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಉರಿಸಿ ನೋಡದೆ ಯಾವುದನ್ನೂ ನಂಬುವುದಿಲ್ಲ. ಮದುವೆಗೆ ಮುಂಚೆ ನನ್ನನ್ನೂ ಹಲವು ಸಲ ಉರಿಸಿ ನೋಡಿದ್ದಳು.

"ಮಷೀನ್ ಕೆಟ್ಟಿದೆಯಾ?" ಅಂದಳು.

"ಕೆಟ್ಟಿಲ್ಲ. ವಯಸ್ಸಾಗಿದೆ. ಮೆಮೊರಿ ಸಾಲದೆ ದೂರದ್ದೆಲ್ಲ ಮಸುಕಾಗಿ ತೋರಿಸುತ್ತೆ. ಗೋಡೆ ಯಾವುದು, ಮನುಷ್ಯ ಯಾರು ಗೊತ್ತಾಗಲ್ಲ."

"ಕುರ್ಚಿ ಯಾಕೆ ದಿನಾ ಹಿಂದೆ ಹೋಗ್ತಿದೆ? ಮೊದಲು ಮೇಜಿನ ಹತ್ತಿರ ಇತ್ತು. ಈಗ ನಮ್ಮಮ್ಮನ ಮಂಚಕ್ಕೆ ತಾಗ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಅಡುಗೆಮನೆಯಿಂದ ಆಡ್ತೀರ."

"ಡಬ್ಬದ ಬಿಸಿ ಕಣೇ. ಪ್ರೊಸೆಸರ್ ಹಳೇದಾದ್ರೆ ಬಿಸಿ ಜಾಸ್ತಿ."

"ಬಾಯಿಮಾತು ಬೇಡ. ಶನಿವಾರ ನಮ್ಮೆದುರಿಗೆ ಆಡಿ ತೋರಿಸಿ. ಮಷೀನ್ ಮನುಷ್ಯರನ್ನ ತೋರಿಸ್ತಿಲ್ಲ ಅಂತ ಸಾಬೀತಾದ್ರೆ ನಾನೇ ಬಂದು ಕೊಡಿಸ್ತೀನಿ."

ಇಷ್ಟು ಸುಲಭದ ಜಯ ನನ್ನ ದಾಂಪತ್ಯದ ಇತಿಹಾಸದಲ್ಲಿ ಹಿಂದೆ ಕಂಡಿರಲಿಲ್ಲ.

ಶನಿವಾರ ಸಂಜೆ ಹಿಂದಿನ ಮಂಚದ ಮೇಲೆ ನಮ್ಮ ಜೊತೆಗೇ ಇರುವ ಅತ್ತೆ, ಪಕ್ಕದ ಸ್ಟೂಲಿನ ಮೇಲೆ ಹೆಂಡತಿ. ಅತ್ತೆಯವರ ಕಣ್ಣಿಗೆ ಪೊರೆಯ ಆಪರೇಷನ್ ಆದಮೇಲೆ ಕನ್ನಡಕ ಮಾಡಿಕೊಟ್ಟವನು ನಾನೇ. ನಾನು ಆಟ ಶುರು ಮಾಡಿ, ಬೀದಿಗೆ ಇಳಿದು, "ನೋಡಿ, ಖಾಲಿ" ಅಂದೆ.

"ಆ ಕಿಟಕಿ ಹತ್ತಿರ ಯಾರೋ ನಿಂತಿದಾರಲ್ಲ," ಅಂದಳು ಹೆಂಡತಿ.

"ಅದು ಪರದೆ ಬಟ್ಟೆ."

ಪರದೆ ಬಟ್ಟೆ ನನ್ನನ್ನು ಸುಟ್ಟಿತು. ಎರಡನೇ ಸಲ ಇಳಿದೆ.

"ಅಳಿಯಂದ್ರೇ, ಮರದ ಹಿಂದೆ ಒಬ್ಬ ಇದಾನೆ," ಅಂದರು ಅತ್ತೆ.

"ಅದು ಮರವೇ ಅತ್ತೆ."

"ಮರಕ್ಕೆ ಬೂಟು ಇದೆ."

ಮರ ಗುಂಡು ಹಾರಿಸಿತು. ಮೂರನೇ ಸಲ ಅವರಿಬ್ಬರೇ ಮಾತಾಡಿಕೊಂಡರು. ಮಾಳಿಗೆಯ ಮೇಲೆ ಒಬ್ಬ, ನೀರಿನ ತೊಟ್ಟಿಯ ಪಕ್ಕ ಒಬ್ಬ, ನನ್ನ ಬೆನ್ನ ಹಿಂದಿನಿಂದ ಬಂದು ಮುಂದೆ ನಡೆದು ಹೋದವನೊಬ್ಬ. "ಪಾಪ, ಅವನಿಗೂ ಇವರನ್ನ ಹೊಡೆಯೋಕೆ ಮನಸ್ಸು ಬರಲಿಲ್ಲ," ಅಂದರು ಅತ್ತೆ.

ಹೆಂಡತಿ ಎದ್ದು, ಅತ್ತೆಯವರ ಮಾತ್ರೆಯ ಪಟ್ಟಿ ತಂದು ನನ್ನ ಕೈಗೆ ಕೊಟ್ಟಳು. "ಓದಿ."

ಕೈ ಚಾಚಿದೆ. ಇನ್ನೂ ಚಾಚಿದೆ. ನಾನು ಸಾಕಷ್ಟು ಎತ್ತರದ ಮನುಷ್ಯ, ತೋಳುಗಳು ನೀಳವಾಗಿವೆ. ಆದರೂ ಆ ಹೊತ್ತಿಗೆ ಸಾಲಲಿಲ್ಲ.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ಪ್ರತಿ ವರ್ಷ ಪರೀಕ್ಷೆ ಆಗುತ್ತೆ," ಅಂದೆ.

"ಯಾರು ಮಾಡ್ತಾರೆ?"

"ನಾನೇ."

"ಹತ್ತಿರದ್ದನ್ನ ಓದಿಸೋಕೆ ಒಂದು ಕಾರ್ಡು ಇದೆಯಲ್ಲ, ಅದು ಯಾವುದು?"

"ಅಂಗಡಿಯದೇ. ಶುರುವಿಂದ ಅದೇ ಕಾರ್ಡು."

"ಅದರ ಕೊನೆಯ ಸಾಲು ಏನು?"

ಹೇಳಿದೆ. ತಡವರಿಸದೆ, ನಿರರ್ಗಳವಾಗಿ ಹೇಳಿದೆ. ಹೇಳಿ ಮುಗಿದಮೇಲೆ ನನಗೆ ಎರಡು ಸಂಗತಿ ಹೊಳೆಯಿತು. ಒಂದು, ಕಾರ್ಡು ಅಂಗಡಿಯ ಮೇಜಿನ ಖಾನೆಯಲ್ಲಿತ್ತು. ಇನ್ನೊಂದು, ನೆನಪಿಗೆ ಬರಲೆಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇಷ್ಟು ವರ್ಷ ನನ್ನ ಕಣ್ಣಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುತ್ತಿದ್ದದ್ದು ಕಣ್ಣಲ್ಲ.

ಅತ್ತೆ ಮಂಚದ ಕಡೆಯಿಂದ ಮೆಲ್ಲಗೆ, "ಈ ವಯಸ್ಸಿಗೆ ಎಲ್ಲರಿಗೂ ಆಗುತ್ತೆ ಅಳಿಯಂದ್ರೇ. ಅದರಲ್ಲಿ ನಾಚಿಕೆ ಏನಿಲ್ಲ," ಅಂದರು. ಇದು ನಾನು ಗಿರಾಕಿಗಳಿಗೆ ಹೇಳುವ ಮಾತು. ಕೇಳಿಸಿಕೊಳ್ಳುವಾಗ ಇಷ್ಟು ಕೆಟ್ಟದಾಗಿರುತ್ತದೆ ಎಂದು ಯಾವ ಗಿರಾಕಿಯೂ ನನಗೆ ತಿಳಿಸಿರಲಿಲ್ಲ.

ಹೀಗಾಗಿ ಪ್ರೊಸೆಸರ್ ತಿರಸ್ಕೃತವಾಯಿತು, ಮೆಮೊರಿ ತಿರಸ್ಕೃತವಾಯಿತು, ಕನ್ನಡಕ ಅಂಗೀಕೃತವಾಯಿತು. ಭಾನುವಾರ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದು, ನನಗೆ ನಾನೇ ಗಿರಾಕಿಯಾಗಿ, ಒಂದು ಓದುವ ಕನ್ನಡಕ ಆರಿಸಿಕೊಂಡು ಬಂದೆ. (ಚೌಕಾಸಿ ಮಾಡಲಿಲ್ಲ.)

ಮಧ್ಯಾಹ್ನ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಕೂತೆ. ಅತ್ತೆ ಸ್ಟೂಲಿಗೆ ಬಂದಿದ್ದರು. ಆಟ ಶುರುವಾಯಿತು, ಮತ್ತು ನಾನು ಆ ಊರನ್ನು ಮೊದಲ ಬಾರಿಗೆ ನೋಡಿದೆ. ಗೋಡೆಯ ಬಿರುಕಿನಲ್ಲಿ ಒಂದು ಎಳೆಯ ಗಿಡವಿತ್ತು. ಯಾರೋ ಬಿಟ್ಟುಹೋದ ಮನೆಯ ಕಿಟಕಿಯಲ್ಲಿ ಒಣಗಲು ಹಾಕಿದ ಸಣ್ಣ ಮಗುವಿನ ಅಂಗಿ ಇತ್ತು. ಇಷ್ಟು ದಿನ ನಾನು ಸಾಯುತ್ತಿದ್ದದ್ದು ಇಂಥ ಚೆಂದದ ಜಾಗದಲ್ಲೇ ಎಂದು ಮನಸ್ಸು ತುಂಬಿಬಂತು.

"ಭಾವ, ಬಾಗಿಲಿಗೆ ಒಬ್ಬ ಬರ್ತಿದಾನೆ. ಕಾಣಿಸ್ತಿದಾನಾ?"

"ಕಾಣಿಸ್ತಿದಾನೆ. ತುಂಬಾ ಚೆನ್ನಾಗಿ ಕಾಣಿಸ್ತಿದಾನೆ."

"ಹೊಡೀರಿ."

ಅವನ ಕೆನ್ನೆಯ ಮೇಲೆ ಮಸಿ ಮೆತ್ತಿತ್ತು. ಕಣ್ಣಿನ ಕೆಳಗೆ ಕಪ್ಪು. ಸರಿಯಾಗಿ ನಿದ್ದೆ ಮಾಡದವನ ಮುಖ. ಮಸುಕಾಗಿದ್ದಾಗ ಶತ್ರುವಾಗಿದ್ದವನು ಸ್ಪಷ್ಟವಾದೊಡನೆ ಯಾರದೋ ಮನೆಯ ಮಗನಾಗಿಬಿಟ್ಟ.

"ಭಾವ, ಹೊಡೀರಿ ಅಂದೆ."

"ಒಂದು ನಿಮಿಷ ಇರು. ಇವನಿಗೆ ಏನೋ ಕಷ್ಟ ಇದ್ದ ಹಾಗಿದೆ."

"ಅಳಿಯಂದ್ರೇ, ನೀವು ಹೊಡೀತೀರೋ, ನಾನು ಹೊಡೀಲೋ," ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅತ್ತೆ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಮೌಸನ್ನು ಒತ್ತಿದರು. ಅವನು ಬಿದ್ದ. ಅವನ ಹಿಂದೆ ಬಂದವನೂ ಬಿದ್ದ. ಮಾಳಿಗೆಯಿಂದ ಇಣುಕಿದವನು ಇಣುಕಿದ್ದಷ್ಟೇ ಬಂತು.

ಕಿವಿಯಲ್ಲಿ ಬಾಮೈದನ ದನಿ ಬಂತು.

"ಭಾವ, ಯಾರು ಹೊಡೆದಿದ್ದು?"

"ನಿಮ್ಮಮ್ಮ."

ಆ ಕಡೆ ಹುಡುಗರು ಪಿಸುಪಿಸು ಮಾತಾಡಿಕೊಂಡರು. ಆಮೇಲೆ ಬಾಮೈದ ಗಂಟಲು ಸರಿಮಾಡಿಕೊಂಡು, "ಭಾವ, ಬೇಜಾರು ಮಾಡ್ಕೋಬೇಡಿ. ಅಮ್ಮಂಗೆ ಭಾನುವಾರ ಬಿಡುವು ಇರುತ್ತಾ ಕೇಳಿ," ಅಂದ.

ಬಿಡುವು ಇತ್ತು. ಅವತ್ತೇ ಮೊದಲ ಪಂದ್ಯ ಮುಗಿಸಿದ ಅತ್ತೆ ಹೆಡ್‌ಫೋನ್ ತೆಗೆದಿಟ್ಟು, ಮಗಳನ್ನು ಕರೆದು, "ಈ ಮಷೀನು ಸ್ವಲ್ಪ ನಿಧಾನ ಕಣೇ. ನಾನು ಒತ್ತಿದ ಮೇಲೆ ಅದು ಯೋಚನೆ ಮಾಡುತ್ತೆ," ಅಂದರು.

"ನಾಳೇನೇ ಪ್ರೊಸೆಸರ್ ಹಾಕಿಸೋಣಮ್ಮ. ಮೆಮೊರೀನೂ ಆಗಲಿ," ಅಂದಳು ನನ್ನ ಹೆಂಡತಿ.

ನಾನು ಪಾತ್ರೆ ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟೆ. "ಸಾಬೀತು ಬೇಡವಾ? ನನಗೊಂದು ಕಾನೂನು, ನಿಮ್ಮಮ್ಮನಿಗೆ ಒಂದು ಕಾನೂನಾ?"

"ಅಮ್ಮನ ಕಣ್ಣು ಪರೀಕ್ಷೆ ಮಾಡಿದ್ದು ಯಾರು?"

"ನಾನು."

"ಸರಿಯಾಗಿವೆ ಅಂತ ಹೇಳಿದ್ದು?"

"ನಾನು."

"ಮತ್ತೆ?"

ರಿಪೇರಿಯವನು ಬಂದು ಹೊಸ ಪ್ರೊಸೆಸರ್, ಹೊಸ ಬೋರ್ಡು, ಹೊಸ ಮೆಮೊರಿ ಕೂರಿಸಿ ಹೋದ. ತಂಡ ಈಗ ಪಂದ್ಯಾವಳಿಯ ಮುಂದಿನ ಸುತ್ತಿಗೆ ಹೋಗಿದೆ. ನನ್ನನ್ನು ಪೂರ್ತಿ ಕೈಬಿಟ್ಟರು ಎಂದುಕೊಳ್ಳಬೇಡಿ; ಭಾನುವಾರ ಮಧ್ಯಾಹ್ನ ನನಗೂ ಒಂದು ಹೊಣೆ ಇದೆ. ಅತ್ತೆಯವರ ಗೆಳತಿಯರು ಯಾರಾದರೂ ಫೋನ್ ಮಾಡಿದರೆ ಎತ್ತಿ, "ಅವರು ಯುದ್ಧದಲ್ಲಿದ್ದಾರೆ, ಸಂಜೆ ಮಾಡಿ" ಎಂದು ಹೇಳುವುದು.