ಶುಕ್ರವಾರದ ರೆಕ್ಕೆ

ಈ ಸಂಗತಿಯನ್ನು ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ಮುಂದೂಡುತ್ತಲೇ ಬಂದಿದ್ದೇನೆ. ಕನ್ನಡಕ ಸರಿಯಿಲ್ಲ ಎಂಬ ನೆಪವಿತ್ತು. ಮಗಳು ಹೊಸದು ಮಾಡಿಸಿಕೊಟ್ಟು ಆ ನೆಪವನ್ನೂ ಕಸಿದುಕೊಂಡಳು. ನಮ್ಮ ಕಡೆ ಯಾರೂ ಮುಖದ ಮೇಲೆ 'ಇಲ್ಲ' ಅನ್ನುವುದಿಲ್ಲ. ನರೇಗಲ್ಲಿಗೆ ನನ್ನ ತಮ್ಮನಿಗಾಗಿ ಹೆಣ್ಣು ಕೇಳಲು ಹೋದಾಗ ಹುಡುಗಿಯ ತಂದೆ ನಗುತ್ತಾ "ನೋಡೂಣ್ರಿ" ಅಂದರು. ನಾವು ಚಹಾ ಮುಗಿಸಿ ಸೀದಾ ಬಸ್ ನಿಲ್ದಾಣಕ್ಕೆ ನಡೆದೆವು. ಯಾರೂ ಅರ್ಥ ಕೇಳಲಿಲ್ಲ.

ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರ ನಿಲ್ಲಿಸುವಾಗ ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಜರ್ಮನಿಯ ಪೀಟರ್ ಸಾಹೇಬರು ಮೇಲಿನವರು. ಚೀನಾದಿಂದ ಬಂದ ಇಂಜಿನಿಯರ್ ಅವರ ಕೈಕೆಳಗೆ. ಇಬ್ಬರದೂ ಅರೆಬರೆ ಇಂಗ್ಲಿಷು. ನನ್ನದು ಹೈಸ್ಕೂಲಿನದು, ಆದರೆ ಧೈರ್ಯ ನನಗೇ ಹೆಚ್ಚು. ಒಂದು ದಿನ ಪೀಟರ್ ಕೇಳಿದರು, "ಶುಕ್ರವಾರ ರೆಕ್ಕೆ ಏರಿಸಬಹುದೇ?" ಚೀನಾದವರು ನಕ್ಕು, ನೆಲ ನೋಡುತ್ತಾ, "ನೋಡೋಣ, ಸ್ವಲ್ಪ ಕಷ್ಟ" ಅಂದರು. ಪೀಟರ್ ನನ್ನ ಕಡೆ ತಿರುಗಿ, "ಹಾಗಂದರೆ ಆಗುತ್ತದೆಯೋ ಇಲ್ಲವೋ?" ಎಂದರು. ನನ್ನ ಕಣ್ಣ ಮುಂದೆ ನರೇಗಲ್ಲಿನ ಬಸ್ ನಿಲ್ದಾಣ ಬಂತು. ಆದರೆ ಶುಕ್ರವಾರ ರೆಕ್ಕೆ ಏರುವುದನ್ನು ತೋರಿಸುತ್ತೇನೆಂದು ಯಾವಗಲ್ ಊರಿನ ಬೀಗರನ್ನು ಆಗಲೇ ಕರೆದುಬಿಟ್ಟಿದ್ದೆ. "ಆಗುತ್ತದೆ ಸರ್, ಅವರದು ಸಂಕೋಚ ಅಷ್ಟೆ" ಅಂದೆ. ವಯಸ್ಸಿನಲ್ಲಿ ಹಿರಿಯನಾದ ನನ್ನ ಮಾತನ್ನು ಎದುರಿಗೇ ಅಲ್ಲಗಳೆಯುವುದು ಅವರಲ್ಲೂ ಇಲ್ಲವೇನೋ, ಚೀನಾದವರು ಸುಮ್ಮನೆ ತಲೆಯಾಡಿಸಿದರು. ಪೀಟರ್ ಅದನ್ನು ಒಪ್ಪಿಗೆಯೆಂದುಕೊಂಡರು.

ಶುಕ್ರವಾರ ದೊಡ್ಡ ಕ್ರೇನ್ ಬಂತು, ಟ್ರ್ಯಾಕ್ಟರಿನಲ್ಲಿ ಬೀಗರು ಬಂದರು, ರೊಟ್ಟಿಯ ಬುತ್ತಿ ಬಂತು. ಕಂಬದ ಬೋಲ್ಟುಗಳ ತಪಾಸಣೆ ಮಾತ್ರ ಮುಗಿದಿರಲಿಲ್ಲ, ಅದಾಗದೆ ರೆಕ್ಕೆ ಏರಿಸುವಂತಿರಲಿಲ್ಲ. "ಏನ್ರಿ ಬೀಗರ, ರೆಕ್ಕಿ ತೋರಸ್ತೀನಂತ ಕರದು ಬರೇ ಗಾಳಿ ಕುಡಸಾಕತ್ತೀರಲ್ಲ" ಎಂದರು ಬೀಗರು. ಪೀಟರ್ ಕೆಂಪಗಾಗಿ, ಮಾತು ಕೊಟ್ಟು ತಪ್ಪುವವರು ತನಗೆ ಬೇಡ ಎಂದು ಚೀನಾದವರನ್ನು ಅಲ್ಲೇ ಕೆಲಸದಿಂದ ತೆಗೆದರು. ಚೀನಾದವರು ನನ್ನನ್ನು ನೋಡಿದರು, ನನ್ನ ಬೀಗರನ್ನು ನೋಡಿದರು, 'ಆಗುತ್ತದೆ' ಅಂದದ್ದು ತಾವಲ್ಲ ಎಂದು ಬೀಗರೆದುರು ಬಾಯಿಬಿಡಲಿಲ್ಲ. ನನ್ನ ಮರ್ಯಾದೆ ಉಳಿಸಿದವರು ಅವರು. ನಾನು ರೊಟ್ಟಿ ತಿನ್ನುತ್ತಿದ್ದೆ.

ಹೊರಡುವಾಗ ಚೀನಾದವರು ನನ್ನ ಕೈಗೊಂದು ಚಹಾ ಪೊಟ್ಟಣ ಇಟ್ಟರು. ಎರಡು ಸಲ ಬೇಡ ಅಂದು ಮೂರನೆಯ ಸಲಕ್ಕೆ ತೆಗೆದುಕೊಂಡೆ. ಮೂರು ಸಲ ಕೊಡಬೇಕೆಂಬುದು ಅವರಿಗೂ ಗೊತ್ತಿತ್ತು. ತಪ್ಪಾಯಿತು ಅನ್ನಲು ಬಾಯಿ ತೆರೆದರೆ "ಮನೆಗೆ ಊಟಕ್ಕೆ ಬನ್ನಿ" ಎಂದು ಹೊರಬಿತ್ತು. ಅವರು ನಕ್ಕು, "ನೋಡೋಣ" ಅಂದರು.

ಮೊನ್ನೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. "ಖರೇನ ಭಾಳ ಕೆಟ್ಟ ಕೆಲಸ ಮಾಡೀರಿ. ಅವರ ಪತ್ತೆ ಹಚ್ಚಿ ಲಗೂನ ಒಂದ್ ಕಾಗದ ಬರೀರಿ" ಅಂದಳು. "ನೋಡೂಣು" ಅಂದೆ. "ಹಂಗಾರ ಬರಿಯೂದಿಲ್ಲ ಬಿಡ್ರಿ" ಎಂದು ಒಳಗೆ ಹೋದಳು. ಅದಕ್ಕೇ ಇಲ್ಲಿಯಾದರೂ ಬರೆದಿದ್ದೇನೆ. ನಾವೆಲ್ಲ ಚೀನಾದವರು ಎಂದಷ್ಟೇ ಕರೆಯುತ್ತಿದ್ದ ಅವರಿಗೆ ಒಂದು ಹೆಸರಿತ್ತು: ಲಿಯಾಂಗ್.